ಐದನ್ನೂ ನೋಡಿದವಳು

ನಮ್ಮೂರಿಗೆ ಬಂದವರು ನೋಡುವಂಥ ಜಾಗಗಳು ಐದು. ಕೋಟೆಯ ತೋಪಿನ ಬುರುಜು, ಗುಮ್ಮಟ, ಅರಮನೆ, ಆನೆಲಾಯ, ಕಾಯಿಪಲ್ಲೆ ಸಂತೆಯ ಹಿಂದಿರುವ ಬಾವಡಿ ಎಂಬ ಮೆಟ್ಟಿಲುಬಾವಿ. ನಾಲ್ಕನ್ನು ನೋಡಿದವರು ತಮ್ಮ ಪಾಡಿಗೆ ತಾವು ಊರಿಗೆ ಹೋಗುತ್ತಾರೆ. ಐದನ್ನೂ ನೋಡಿದ ಪರವೂರಿನವರು ಹೋಗಲಾರರು. ಅಗಸಿಯ, ಅಂದರೆ ಊರ ಹೆಬ್ಬಾಗಿಲ, ಕಮಾನಿನ ಕೆಳಗೆ ಬಂದೊಡನೆ ಅವರ ಕಾಲು ನಿಂತುಬಿಡುತ್ತದೆ. ಬಸ್ಸಿನಲ್ಲಿ ಕೂತಿದ್ದರೆ ಬಸ್ಸೇ ನಿಲ್ಲುತ್ತದೆ, ಅವರು ಇಳಿದ ಮೇಲೆಯೇ ಮುಂದಕ್ಕೆ ಚಲಿಸುತ್ತದೆ. ಇಲ್ಲಿ ಹುಟ್ಟಿ ಬೆಳೆದ ನಮಗೆ ಈ ಕಾಟವಿಲ್ಲ. ಹೀಗೆ ನಿಂತುಹೋದವರನ್ನು ನಾವು ಉಳಿದವರು ಎನ್ನುತ್ತೇವೆ. ಅವರದೇ ಒಂದು ಓಣಿಯಿದೆ. ಕಬ್ಬಿನ ಹಾಲಿನ ಅಂಗಡಿ, ಸೈಕಲ್ ರಿಪೇರಿ, ಹೊಲಿಗೆ, ಏನೇನೋ ಮಾಡಿಕೊಂಡು ಇದ್ದಾರೆ. ಅವರ ನೆಂಟರು ಕಮಾನಿನ ಆಚೆ ಬಂದು ನಿಲ್ಲುತ್ತಾರೆ, ಇವರು ಈಚೆ ನಿಲ್ಲುತ್ತಾರೆ. ಒಳಗೆ ಬರಲು ಯಾರಿಗೂ ಅಡ್ಡಿಯಿಲ್ಲ, ಆದರೂ ಹೊರಗಿನವರಿಗೆ ಭಯ. ಮುನಸಿಪಾಲಿಟಿಯವರು ಎರಡೂ ಕಡೆ ಕಲ್ಲಿನ ಬೆಂಚು ಹಾಕಿಸಿದ್ದಾರೆ.

ನನ್ನ ಗಂಡನೂ ಉಳಿದವರಲ್ಲಿ ಒಬ್ಬ. ಸಮುದ್ರದ ಸೀಮೆಯಿಂದ ಬಟ್ಟೆ ಮಾರಲು ಬಂದವನು, ಇದೆಲ್ಲ ಸುಳ್ಳು ಎಂದು ಹಟ ಹಿಡಿದು ಐದನ್ನೂ ನೋಡಿ ಬಂದ. ಆಮೇಲೆ ನನ್ನನ್ನು ಮದುವೆಯಾದ, ಖಾನಾವಳಿ ಹಾಕಿದ, ನನಗೆ ಯಾವತ್ತೂ ಒಂದು ಕೆಟ್ಟ ಮಾತು ಆಡಲಿಲ್ಲ. ಆದರೆ ಅವನ ತಾಯಿ ತೀರಿಕೊಂಡಾಗ ಅವನ ಅಣ್ಣ ಬೂದಿಯ ಮಡಕೆಯನ್ನು ಕಮಾನಿನ ತನಕ ತಂದು, ಹೊರಗೇ ನಿಂತು ಕೈ ಚಾಚಿದ. ಇವನು ಆ ಮಡಕೆಯನ್ನು ಮುಟ್ಟಿ, ಎದೆಗೆ ಒತ್ತಿಕೊಂಡು, ತಿರುಗಿ ಕೊಟ್ಟ. ಅವತ್ತಿನಿಂದ ಅವನು ಅನ್ನ ಉಣ್ಣುತ್ತಿದ್ದ, ಅಷ್ಟೆ. ಸತ್ತಾಗ ಅವನಿಗೆ ಇನ್ನೂ ತಲೆ ನೆರೆತಿರಲಿಲ್ಲ.

ಅವನು ಹೋದ ಮೇಲೆ ಖಾನಾವಳಿಯನ್ನು ನಾನೇ ನಡೆಸುತ್ತಿದ್ದೆ. ಮೇಲೆ ಎರಡು ಕೋಣೆಗಳಿದ್ದವು, ಬಂದವರಿಗೆ ಇಳಿಯಲು. ದೀಪಾವಳಿ ಮುಗಿದ ಮೇಲೆ ಒಂದು ದಿನ ವಾರಿಜಾ ಬಂದಳು. ಜೊತೆಗೆ ಗಂಡ ನಂಜರಾಜ, ಆರು ವರ್ಷದ ಮಗಳು ಕುಮುದ. ದಕ್ಷಿಣದ ಕಡೆಯವರು. ಆತ ಯಾವುದೋ ಕಚೇರಿಯಲ್ಲಿ ದೊಡ್ಡ ಕೆಲಸದಲ್ಲಿದ್ದ. ಇಸ್ತ್ರಿ ಮಾಡಿದ ಅಂಗಿ, ಮೆಲ್ಲನೆಯ ಮಾತು. ನೀರು ಬೇಕಾದರೂ "ದಯವಿಟ್ಟು" ಎಂದು ಕೇಳುತ್ತಿದ್ದ. ಇಂಥ ಗಂಡ ಸಿಗಲು ಪುಣ್ಯ ಮಾಡಿರಬೇಕು ಎಂದು ನಾನೂ ಅಂದುಕೊಂಡೆ.

ಊಟಕ್ಕೆ ಕೂತಾಗ ನೋಡಿದೆ, ವಾರಿಜಾಳ ಬಲಗೈ ತಟ್ಟೆಯ ತನಕ ಏಳುತ್ತಿರಲಿಲ್ಲ. ಮಗು ತನ್ನ ಊಟ ಬಿಟ್ಟು ಅಮ್ಮನ ರೊಟ್ಟಿಯನ್ನು ಸಣ್ಣಸಣ್ಣಗೆ ಮುರಿದು ಪಲ್ಯದಲ್ಲಿ ಅದ್ದಿ ಅವಳ ಎಡಗೈಗೆ ಕೊಡುತ್ತಿತ್ತು. ಯಾರೂ ಹೇಳಿಕೊಟ್ಟಂತಿರಲಿಲ್ಲ. ಬಹಳ ದಿನಗಳ ರೂಢಿಯಂತೆ ಕಾಣುತ್ತಿತ್ತು. ನಾನು ನೋಡುತ್ತಿರುವುದನ್ನು ನಂಜರಾಜ ಗಮನಿಸಿದ.

"ಬಚ್ಚಲಲ್ಲಿ ಜಾರಿ ಬಿದ್ಲು," ಎಂದ. "ಎಷ್ಟು ಸಲ ಹೇಳಿದೀನಿ, ನೋಡ್ಕೊಂಡು ಕಾಲಿಡು ಅಂತ. ಅಲ್ವಾ ವಾರಿಜಾ?"

ಅವಳು "ಹೂಂ" ಎಂದಳು. ಮಗು ತಲೆ ಎತ್ತಲಿಲ್ಲ.

ಅವರನ್ನು ಊರು ಸುತ್ತಿಸಿದವನು ಖಾಜೇಸಾಬ. ನಮ್ಮೂರ ಗೈಡುಗಳಲ್ಲಿ ಹಿರಿಯ, ಎಲ್ಲರಿಗೂ ಖಾಜಾ ಮಾಮಾ. ಒಬ್ಬೊಬ್ಬ ಗೈಡು ಒಂದೊಂದನ್ನು ಬಿಡುತ್ತಾನೆ. ಇವನು ಬಿಡುತ್ತಿದ್ದದ್ದು ಬಾವಡಿ. ಅದು ಸಂತೆಯ ಹಿಂದೆ ಅಡಗಿದೆ, ಹೇಳದಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಸಂಜೆ ನಾಲ್ಕನ್ನೂ ಮುಗಿಸಿ ಬಂದಾಗ ನಂಜರಾಜ ನಗುತ್ತಿದ್ದ.

"ಐದನೇದು ಯಾಕಯ್ಯಾ ತೋರಿಸಲ್ಲ? ಮತ್ತೊಂದ್ಸಲ ಬರ್ಲಿ ಅಂತ ತಾನೆ? ಒಳ್ಳೆ ವ್ಯಾಪಾರ ನಿಮ್ದು."

"ಹಂಗ ತಿಳ್ಕೋರಿ ಸಾಹೇಬ್ರ," ಎಂದ ಖಾಜಾ ಮಾಮಾ. "ಅದು ಇರಲಿ, ಮುಂದಿನ ಸಲಕ್ಕ."

ನಂಜರಾಜ ಸಿಗರೇಟು ತರಲು ಪೇಟೆಗೆ ಹೋದ. ವಾರಿಜಾ ಕೆಳಗೆ ಬಂದು ಒಲೆಯ ಮುಂದೆ ಕೂತಳು. ಮಗು ಅವಳ ತೊಡೆಗೆ ಒರಗಿತ್ತು. ನಾನು ರೊಟ್ಟಿ ಬಡಿಯುತ್ತಿದ್ದೆ. ಅವಳು "ಅಕ್ಕ, ಆ ಓಣಿಯವರು, ಉಳಿದವರು ಅಂತೀರಲ್ಲ, ಅವರನ್ನ ಯಾರೂ ಎಳ್ಕೊಂಡು ಹೋಗಕ್ಕಾಗಲ್ವಾ?" ಎಂದು ಕೇಳಿದಳು.

ಬಂದವರೆಲ್ಲ ಇದನ್ನು ಕೇಳುತ್ತಾರೆ, ಆದರೆ ಹೀಗೆ ಕೇಳುವುದಿಲ್ಲ. ನಾನು ಹಿಟ್ಟಿನ ಕೈ ತಡೆದೆ.

"ಆಗಂಗಿಲ್ಲವ್ವ. ಆನಿ ಕಟ್ಟಿ ಎಳದ್ರೂ ಆಗಂಗಿಲ್ಲ."

"ಪೊಲೀಸಿನವ್ರು? ತವರಿನವ್ರು?"

"ಯಾರೂ ಇಲ್ಲ."

ಅವಳು ತಲೆಯಾಡಿಸಿದಳು. ಆಮೇಲೆ ಹೇಳಿದಳು. ಎರಡು ಸಲ ತವರಿಗೆ ಓಡಿಹೋಗಿದ್ದಳಂತೆ. ಎರಡು ಸಲವೂ ಅಣ್ಣನೇ ಕರೆತಂದು, ಭಾವನ ಕಾಲಿಗೆ ಬೀಳಿಸಿ, ಕಾಫಿ ಕುಡಿದು ಹೋದನಂತೆ. ಕೈ ಮುರಿದದ್ದು ಎರಡನೆಯ ಸಲ ಬಂದ ಮೇಲೆ. ಈ ಪ್ರವಾಸ ರಾಜಿಯಾದದ್ದಕ್ಕೆ. "ಇಲ್ಲಿ ಎಲ್ಲಾದ್ರೂ ಓಡಿಹೋಗಿ ಅವಿತ್ಕೊಂಡ್ರೂ ಹುಡುಕಿ ಕರ್ಕೊಂಡು ಹೋಗ್ತಾರೆ. ಆದ್ರೆ ಕಾಲೇ ಬರಲ್ಲ ಅಂದ್ರೆ?" ಎಂದಳು.

ನನಗೆ ಗಾಬರಿಯಾಯಿತು. ನನ್ನ ಗಂಡನ ಕತೆ ಹೇಳಿದೆ, ಆ ಮಡಕೆಯ ಕತೆ. ಹೊರಗೆ ಹೋಗಬೇಕು ಅನ್ನಿಸುವ ದಿನ ಬಂದೇ ಬರುತ್ತದೆ, ಆ ದಿನ ಈ ಊರೇ ಜೈಲಾಗುತ್ತದೆ, ದುಡುಕಬೇಡ ಎಂದೆ.

"ನಿಮ್ಮನೆಯವ್ರಿಗೆ ಹೊರಗೆ ಅಮ್ಮ ಇದ್ರು," ಎಂದಳು. "ನಂಗೆ ಇರೋದು ಇವಳೊಬ್ಳೇ. ಇವಳು ನನ್ನ ಜೊತೇಲೇ ಇರ್ತಾಳಲ್ಲ." ಹಾಗೆನ್ನುವಾಗ ಅವಳ ಮುಖದಲ್ಲಿ ಮೊದಲ ಬಾರಿ ಒಂದು ಗೆಲುವು ಕಂಡಿತು. ಅಷ್ಟರಲ್ಲಿ ನಂಜರಾಜ ಬಂದ. ಅವಳು ಎದ್ದು ಮೇಲೆ ಹೋದಳು.

ಮರುದಿನ ಬೆಳಿಗ್ಗೆ ಆತ ಕನ್ನಡಿಯ ಮುಂದೆ ಗಡ್ಡ ಹೆರೆದುಕೊಳ್ಳುತ್ತಿದ್ದ. ಸಂತೆಯಲ್ಲಿ ಮಗುವಿಗೆ ಬಾಳೆಹಣ್ಣು ಕೊಡಿಸಿ ಬರುತ್ತೇನೆಂದು ಹೇಳಿ ವಾರಿಜಾ ಕುಮುದಳ ಕೈ ಹಿಡಿದು ಹೋದಳು. ತಿರುಗಿ ಬಂದಾಗ ಬಾಳೆಹಣ್ಣೂ ಇತ್ತು. ಸೀರೆಯ ಅಂಚು ಮೊಣಕಾಲ ತನಕ ಒದ್ದೆಯಾಗಿ, ಪಾಚಿ ಹತ್ತಿಕೊಂಡಿತ್ತು.

"ಎಷ್ಟೊಂದು ಮೆಟ್ಲು ಗೊತ್ತಾ ಅಜ್ಜಿ!" ಎಂದಿತು ಮಗು ನನಗೆ. "ಬಾಳೆಹಣ್ಣಿನ ಅಜ್ಜ ದಾರಿ ತೋರಿಸಿದ್ರು. ಕೆಳಗಡೆ ಆಮೆ ಇದೆ."

ನಾನು ವಾರಿಜಾಳನ್ನು ನೋಡಿದೆ. ಅವಳು ಕಣ್ಣಲ್ಲೇ, ಸುಮ್ಮನಿರಿ ಎಂದಳು. ನಾನು ಒಲೆ ಆರಿಸಿ ಅಗಸಿಗೆ ನಡೆದೆ. ಖಾಜಾ ಮಾಮಾ ಹೊಸಬರನ್ನು ಕಾಯುತ್ತ ಬೆಂಚಿನ ಮೇಲೆ ಕೂತಿದ್ದ. ವಿಷಯ ಹೇಳಿದೆ. ಅವನು "ಯಾ ಅಲ್ಲಾ" ಎಂದು ಎದ್ದು ನಿಂತ.

ಊರಿಗೆ ಹೊರಟ ಆ ಮೂವರೂ ಕೂತಿದ್ದ ಬಸ್ಸು ಬಸ್‌ಸ್ಟ್ಯಾಂಡಿನಿಂದ ಬಂತು. ಕಂಡಕ್ಟರು ರೂಢಿಯಂತೆ ಬಾಗಿಲಲ್ಲಿ ಜೋತುಬಿದ್ದು ಕೂಗಿದ: "ಎಲ್ಲಾ ನೋಡಿದೋರು ಯಾರಾರ ಇದ್ರ ಈಗ ಇಳೀರಿ! ಆಮ್ಯಾಲೆ ಗಾಡಿ ನಿಂದರಸಬ್ಯಾಡ್ರಿ!" ಯಾರೂ ಇಳಿಯಲಿಲ್ಲ. ಕಮಾನಿನ ಕೆಳಗೆ ಬಸ್ಸು ಉಸಿರು ಕಟ್ಟಿದಂತೆ ನಿಂತಿತು. ಒಳಗಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಾರಿಜಾ ಮಗುವಿನ ಕೈ ಹಿಡಿದು, ತಡಬಡ ಮಾಡದೆ, ತನ್ನ ಊರು ಬಂದಾಗ ಇಳಿಯುವವರ ಹಾಗೆ ಇಳಿದಳು. ಇಂಜಿನ್ನು ಗುರ್ ಎಂದು ಮತ್ತೆ ಹತ್ತಿಕೊಂಡಿತು. ಬಸ್ಸು ಕಮಾನು ದಾಟಿ ಆಚೆ ಹೋಗಿ ನಿಂತಿತು.

ನಂಜರಾಜ ಇಳಿದು ಬಂದ. ಮೊದಲು ಮೆಲ್ಲಗೇ ಮಾತಾಡಿದ. "ವಾರಿಜಾ, ಜನ ನೋಡ್ತಿದಾರೆ. ಬಾ." ಅವಳು ಬರಲಾರೆ ಎಂದಳು. ಆತ ಮುರಿದ ಕೈಯನ್ನೇ ಹಿಡಿದು ಎಳೆದ. ಅವಳು ಕಿರುಚಿದಳು, ಮೈ ಮುಂದಕ್ಕೆ ಬಾಗಿತು, ಕಾಲು ಮಾತ್ರ ನೆಲದಲ್ಲಿ ನೆಟ್ಟಂತಿತ್ತು. ಆತ ಕೆನ್ನೆಗೆ ಹೊಡೆದ. ಇನ್ನೊಂದು ಹೊಡೆಯಲು ಎತ್ತಿದ ಕೈಯನ್ನು ಖಾಜಾ ಮಾಮಾ ಹಿಡಿದುಕೊಂಡ.

"ಬ್ಯಾಡ್ರಿ ಸಾಹೇಬ್ರ. ಹೊಡದ್ರ ಬರೂದಲ್ಲ ಅದು. ಆಕಿ ಈಗ ನಮ್ಮೂರಾಕಿ."

ವಾರಿಜಾ ಅಳುತ್ತಿರಲಿಲ್ಲ. ಕೆನ್ನೆಯ ಮೇಲೆ ಬೆರಳು ಮೂಡಿದ್ದರೂ ಅವಳು ನಿರಾಳವಾಗಿದ್ದಳು. "ಹೋಗಿ," ಎಂದಳು ಗಂಡನಿಗೆ. "ನಾವಿಬ್ರೂ ಇಲ್ಲೇ ಇರ್ತೀವಿ."

ಆತ ಅವಳನ್ನು ನೋಡಿದ. ಆಮೇಲೆ ಮಗುವನ್ನು ನೋಡಿದ. ಬಗ್ಗಿ ಅದನ್ನು ಎತ್ತಿಕೊಂಡು ಕಮಾನಿನ ಕಡೆ ನಡೆದ. ವಾರಿಜಾ ತಡೆಯಲಿಲ್ಲ. ಮಗುವೂ ದಾಟಲಾರದೆಂದು ಅವಳು ನಂಬಿದ್ದಳು. ನಾವೂ ನಂಬಿದ್ದೆವು. ಆತ ಒಂದೇ ನಡಿಗೆಯಲ್ಲಿ ಕಮಾನು ದಾಟಿ ಆಚೆಯ ಬಿಸಿಲಿನಲ್ಲಿ ನಿಂತ. ಮಗು ಅವನ ಹೆಗಲ ಮೇಲಿತ್ತು.

ಅಂಥ ಕೂಗನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ವಾರಿಜಾ ಓಡಿದಳು. ಕಮಾನಿನ ಕೆಳಗೆ ಅವಳ ಕಾಲು ನಿಂತಿತು, ಮೈ ಮುಗ್ಗರಿಸಿ ಕಲ್ಲಿನ ಮೇಲೆ ಬಿತ್ತು. ಬಿದ್ದಲ್ಲಿಂದಲೇ ಎಡಗೈ ಚಾಚಿ "ಕುಮುದಾ, ಇಳಿ! ಓಡಿ ಬಾ!" ಎಂದು ಕೂಗಿದಳು. ಮಗು ಒದ್ದಾಡಿತು. ಆತ ಬಿಗಿಯಾಗಿ ಹಿಡಿದುಕೊಂಡು, ಅದೇ ಮೆಲ್ಲನೆಯ ದನಿಯಲ್ಲಿ, "ಮಗಳು ಬೇಕಾ? ಬಾ ಈಚೆಗೆ. ನಾನೇನು ಬೇಡ ಅಂದ್ನಾ?" ಎಂದ.

ನಾನು ದಾಟಿ ಹೋಗಿ ಆತನ ಕಾಲು ಹಿಡಿದೆ. ಅಗಸಿಯ ಪೊಲೀಸನನ್ನು ಕರೆದೆ. ಪೊಲೀಸ ತಲೆ ಕೆರೆದುಕೊಂಡು, "ಅವರ ಮಗಳನ್ನ ಅವರು ಒಯ್ಯಾಕ ಹತ್ಯಾರ. ನಾ ಏನ್ ಮಾಡ್ಲಿ ನಿಂಬೆವ್ವ?" ಎಂದ. ಬಸ್ಸು ಹೊರಟಿತು. ಹಿಂದಿನ ಗಾಜಿಗೆ ಮಗು ಎರಡೂ ಅಂಗೈ ಒತ್ತಿಕೊಂಡಿತ್ತು.

ಆಮೇಲೆ ಖಾಜಾ ಮಾಮಾ ಬೆಂಚಿನ ಮೇಲೆ ಕುಸಿದು ಕೂತು ಹೇಳಿದ. "ಅರಮನ್ಯಾಗ ಕೂಸು ಮಕ್ಕೊಂಡಿತ್ತವ್ವ. ಮಧ್ಯಾಹ್ನದ ಬಿಸಿಲು, ಅವರಪ್ಪನ ಹೆಗಲ ಮ್ಯಾಲೆ ನಿದ್ದಿ ಹತ್ತಿತ್ತು. ದರ್ಬಾರು, ಕನ್ನಡಿ ಮಹಲು, ಏನೂ ನೋಡಲಿಲ್ಲ ಅದು. ಹೊರಗಿನ ಗ್ವಾಡಿ ಲೆಕ್ಕಕ್ಕಿಲ್ಲ. ಅದರ ಲೆಕ್ಕದಾಗ ಇನ್ನೂ ಒಂದು ಉಳದೈತಿ." ವಾರಿಜಾ ಅದನ್ನು ಕೇಳಿಸಿಕೊಂಡಳೋ ಇಲ್ಲವೋ ತಿಳಿಯಲಿಲ್ಲ. ಅವಳ ಹಣೆಯಿಂದ ರಕ್ತ ಇಳಿಯುತ್ತಿತ್ತು. ಒರೆಸಲು ಹೋದರೆ ನನ್ನ ಕೈ ತಳ್ಳಿದಳು.

ಅವಳು ನನ್ನ ಮನೆಯಲ್ಲೇ ಉಳಿದಳು. ಕೆಲಸ ಮಾಡುತ್ತಿದ್ದಳು, ಕರೆದರೆ ಮಾತಾಡುತ್ತಿದ್ದಳು. ಬಸ್ಸಿನ ಸದ್ದು ಕೇಳಿದರೆ ಹಿಟ್ಟಿನ ಕೈಯಲ್ಲೇ ಅಗಸಿಗೆ ಓಡುತ್ತಿದ್ದಳು. ತಿಂಗಳುಗಳು ಕಳೆದ ಮೇಲೆ ನಂಜರಾಜ ಒಬ್ಬನೇ ಬಂದ. ಅವಳಿಂದ ಏನನ್ನೋ ಬರೆಸಿಕೊಳ್ಳಬೇಕಾಗಿತ್ತಂತೆ. ಖಾನಾವಳಿಯ ಮುಂದೆ ನಿಂತು ಅವಳ ಹೆಸರು ಹಿಡಿದು ಕೂಗಿದ. ಹೆಂಡತಿಯನ್ನು ಕರೆದೊಯ್ಯಲಾಗದಿದ್ದರೂ ಹೊಡೆಯಬಹುದು ಎಂದು ಆತನಿಗೆ ಗೊತ್ತಿತ್ತು. ಆದರೆ ಉಳಿದವರ ಓಣಿಯಿಂದ ಗಂಡಸರು ಒಬ್ಬೊಬ್ಬರೇ ಬಂದು ಸುತ್ತ ನಿಂತರು. ಯಾರೂ ಕೈ ಮಾಡಲಿಲ್ಲ. ಖಾಜಾ ಮಾಮಾ ಬಂದು ಆತನ ಹೆಗಲ ಮೇಲೆ ಕೈ ಹಾಕಿ, "ಬರ್ರಿ ಸಾಹೇಬ್ರ, ನಿಮ್ಮದು ಬಾವಡಿ ಒಂದು ಉಳದೈತಲ್ಲ, ತೋರಸ್ತೀವಿ," ಎಂದ. ಆತನ ಮುಖ ಬೆಳ್ಳಗಾಯಿತು. ಬಂದ ಟಾಂಗಾವನ್ನೂ ಬಿಟ್ಟು ಓಡಿದ. ಮತ್ತೆ ಬರಲಿಲ್ಲ.

ಮರುವರ್ಷ ನಾನೇ ನಂಜರಾಜನ ಊರಿಗೆ ಹೋದೆ. ಬಾಗಿಲು ತೆರೆದದ್ದು ಹೊಸ ಹೆಂಡತಿ, ತುಂಬಿದ ಬಸುರಿ. ನನ್ನ ಮಾತು ಮುಗಿಯುವ ಮುಂಚೆಯೇ ಬೀದಿಯ ಆ ತುದಿ ಈ ತುದಿ ನೋಡಿ, "ಅವ್ರು ಬರೋ ಹೊತ್ತಾಯ್ತು, ಹೋಗಿ, ನಿಮ್ಮ ದಮ್ಮಯ್ಯ," ಎಂದು ಬಾಗಿಲು ಹಾಕಿಕೊಂಡಳು. ಒಳಗಿನಿಂದ ಮಗುವಿನ ದನಿ ಕೇಳಲಿಲ್ಲ. ಊರಿಗೆ ಬಂದು ಇದನ್ನೆಲ್ಲ ಹೇಳಿದೆ. ವಾರಿಜಾ ಪೂರ್ತಿ ಕೇಳಿ, ಒಂದೇ ಮಾತು ಅಂದಳು: "ಒಂದ್ಸಲ ಅವಳು ಇಲ್ಲಿಗೆ ಬರ್ಬೇಕು ಅಕ್ಕ. ಅರಮನೆ ಒಂದು ತೋರಿಸಿಬಿಟ್ರೆ ಮುಗೀತು." ಅದನ್ನೇ ನೆಚ್ಚಿಕೊಂಡು ಅವಳು ವರ್ಷಗಳನ್ನು ಕಳೆದಳು.

ಕುಮುದ ಬಂದಳು. ಹದಿಮೂರೋ ಹದಿನಾಲ್ಕೋ ವರ್ಷದ ಹುಡುಗಿ, ಶಾಲೆಯ ಪ್ರವಾಸದ ಬಸ್ಸಿನಲ್ಲಿ. ಮಕ್ಕಳೆಲ್ಲ ನಮ್ಮಲ್ಲಿಗೇ ಊಟಕ್ಕೆ ಬಂದರು. ವಾರಿಜಾ ಬಡಿಸುತ್ತ ಹೋದವಳು ಒಂದು ತಟ್ಟೆಯ ಮುಂದೆ ನಿಂತಳು. ಎರಡು ಜಡೆಯ ಹುಡುಗಿ ತಲೆ ಎತ್ತಿ ಅವಳನ್ನು ನೋಡಿ, ಬೇರೆ ಮಕ್ಕಳಿಗೆ ಕೇಳದಂತೆ, "ಕೈ ತೊಳ್ಕೊಂಡು ಹಿತ್ತಲಿಗೆ ಬರ್ತೀನಿ ಅಮ್ಮ," ಎಂದಳು.

ಹಿತ್ತಲಲ್ಲಿ ತಾಯಿ ಮಗಳನ್ನು ಹಿಡಿದುಕೊಂಡು ಬಿಡಲಿಲ್ಲ. ಹುಡುಗಿ ಅಳದೆ, ತಾಯಿಯ ಬೆನ್ನು ಸವರುತ್ತಿದ್ದಳು. ದೊಡ್ಡವಳು ಅವಳೇ ಎನ್ನುವ ಹಾಗೆ. "ಅಪ್ಪಂಗೆ ಬೇರೆ ಊರಿನ ಹೆಸರು ಹೇಳಿ ಬಂದಿದೀನಿ. ಗೊತ್ತಾದ್ರೆ..." ಎಂದು ಅಲ್ಲಿಗೇ ಬಿಟ್ಟಳು. ಅವಳ ಲಂಗದ ಕೆಳಗೆ, ಮೀನಖಂಡದ ಮೇಲೆ ಬೆಲ್ಟಿನ ಹಳೆಯ ಗೆರೆಗಳಿದ್ದವು. ನಾನೂ ನೋಡಿದೆ, ವಾರಿಜಾಳೂ ನೋಡಿದಳು.

"ಬಾ," ಎಂದಳು ವಾರಿಜಾ. "ಬಾ ನನ್ನ ಜೊತೆ."

ಮಿಕ್ಕ ಮಕ್ಕಳು ಮೇಷ್ಟರ ಜೊತೆ ಗುಮ್ಮಟದ ಕಡೆ ಹೋದರು. ತಾಯಿ ಮಗಳು ಇನ್ನೊಂದು ದಾರಿ ಹಿಡಿದರು. ಎಲ್ಲಿಗೆಂದು ನನಗೆ ತಿಳಿದಿತ್ತು. ಕರೆಯದಿದ್ದರೂ ಹಿಂದೆ ಹೋದೆ. ಅರಮನೆಯ ಹೆಬ್ಬಾಗಿಲ ಹೊಸ್ತಿಲಲ್ಲಿ ಹುಡುಗಿ ನಿಂತಳು.

"ಇದು ಅರಮನೆಯಾ?"

"ಹೂಂ."

"ನಾನು ನೋಡದೆ ಇರೋದು ಇದೇ ಅಲ್ವಾ? ಬಾಕಿ ನಾಲ್ಕೂ ನೆನಪಿದೆ."

ವಾರಿಜಾ ಮಗಳ ಮಣಿಕಟ್ಟು ಹಿಡಿದಳು.

"ನಾನು ಬರಲ್ಲ ಅಮ್ಮ," ಎಂದಳು ಕುಮುದ. "ಮನೇಲಿ ತಮ್ಮ ಇದಾನೆ, ಚಿಕ್ಕಮ್ಮನ ಮಗ. ಅಪ್ಪ ಬೆಲ್ಟ್ ಬಿಚ್ಚಿದ್ರೆ ಅವನನ್ನ ಹಿತ್ತಲ ಬಾಗ್ಲಿಂದ ಪಕ್ಕದ ಮನೆಗೆ ದಾಟಿಸೋದು ನಾನೇ. ಚಿಕ್ಕಮ್ಮ ಹೆದರಿ ಅಲ್ಲಾಡೋದೇ ಇಲ್ಲ. ನಾನಿಲ್ಲ ಅಂದ್ರೆ ಅವನು ಸಿಕ್ಕಿಹಾಕ್ಕೋತಾನೆ."

"ಅವನು ನಿನಗೇನಾಗ್ಬೇಕು?" ವಾರಿಜಾಳ ದನಿ ಒಡೆಯಿತು. "ನಾನು ನಿನ್ನ ಹೆತ್ತವಳು! ನಿನಗೋಸ್ಕರ ಅಲ್ವೇನೇ ನಾನು ಆ ಬಾವಿ ಇಳಿದಿದ್ದು?"

ಎಂದವಳೇ ಮಗಳನ್ನು ಹೊಸ್ತಿಲ ಒಳಕ್ಕೆ ಎಳೆದಳು. ಹುಡುಗಿ ಕೊಸರಿಕೊಂಡಳು, ಆಗಲಿಲ್ಲ. ಆಗ ಅವಳು ಕಣ್ಣು ಮುಚ್ಚಿಕೊಂಡಳು. ಬಿಗಿಯಾಗಿ ಮುಚ್ಚಿ, ಮೇಲಿಂದ ಇನ್ನೊಂದು ತೋಳನ್ನು ಅಡ್ಡ ಇಟ್ಟುಕೊಂಡಳು. ವಾರಿಜಾ ಅವಳನ್ನು ಅಂಗಳ ದಾಟಿಸಿ ದರ್ಬಾರಿನ ನಡುವಿಗೆ ಎಳೆದೊಯ್ದಳು. ತೋಳನ್ನು ಕಿತ್ತು ತೆಗೆದಳು. ರೆಪ್ಪೆ ಬಿಡಿಸಲು ಹೋಗಿ, ಬೆರಳು ಮುಖಕ್ಕೆ ತಗುಲಿದ್ದೇ ತಡ ಹುಡುಗಿ ಎರಡೂ ಕೈಗಳನ್ನು ತಲೆಯ ಮೇಲೆ ಹೊದ್ದು ನೆಲಕ್ಕೆ ಕುಸಿದು ಮುದುರಿಕೊಂಡಳು. ಏಟು ಬೀಳುವ ಮುಂಚೆ ಹೇಗೆ ಮುದುರಿಕೊಳ್ಳಬೇಕೆಂದು ಚೆನ್ನಾಗಿ ಕಲಿತವಳ ಹಾಗೆ. ಕಣ್ಣು ಮಾತ್ರ ಬಿಡಲಿಲ್ಲ.

ವಾರಿಜಾ ತನ್ನ ಕೈಗಳನ್ನು ನೋಡಿಕೊಂಡಳು. ನಾನು ಕಂಬದ ಪಕ್ಕ ನಿಂತಿದ್ದೆ. ಬಹಳ ಹೊತ್ತಾದ ಮೇಲೆ ಅವಳು ಮಗಳ ಪಕ್ಕ ಕೂತು, ತಲೆಯ ಮೇಲಿದ್ದ ಆ ಕೈಗಳನ್ನು ಮೆಲ್ಲಗೆ ಸರಿಸಿದಳು.

"ಬಿಡ್ಬೇಡ," ಎಂದಳು. "ಕಣ್ಣು ಬಿಡ್ಬೇಡ ಮಗಳೇ. ನಾನು ಆಚೆ ಕರ್ಕೊಂಡು ಹೋಗ್ತೀನಿ."

ಸೆರಗನ್ನು ಮಗಳ ಮುಖದ ಮೇಲೆ ಹೊದಿಸಿ, ಹೆಗಲು ಬಳಸಿ, "ಇಲ್ಲಿ ಮೆಟ್ಲು, ಕಾಲು ಎತ್ತು, ಇಲ್ಲಿ ಹೊಸ್ತಿಲು," ಎಂದು ಹೇಳುತ್ತ ಹೊರಗೆ ತಂದಳು. ಬೀದಿಗೆ ಬಂದ ಮೇಲೂ, ಅರಮನೆಯ ಗೋಡೆ ಮರೆಯಾಗುವ ತನಕ, ಸೆರಗು ತೆಗೆಯಲಿಲ್ಲ.

ಸಂಜೆ ಶಾಲೆಯ ಬಸ್ಸು ಅಗಸಿಗೆ ಬಂದಾಗ ನಾವಿಬ್ಬರೂ ಬೆಂಚಿನ ಬಳಿ ನಿಂತಿದ್ದೆವು. ವಾರಿಜಾ ನನ್ನ ಮುಂಗೈ ಹಿಡಿದುಕೊಂಡಿದ್ದಳು, ಉಗುರು ನಾಟುವಷ್ಟು ಬಿಗಿಯಾಗಿ. ಎಲ್ಲಿಯಾದರೂ ಒಂದು ಕ್ಷಣ, ಕುಸಿಯುವಾಗ, ಕೊಸರುವಾಗ, ರೆಪ್ಪೆ ತೆರೆದಿದ್ದರೆ? ಬಸ್ಸು ಕಮಾನಿನ ನೆರಳಿಗೆ ಹೊಕ್ಕಿತು. ವೇಗ ತಗ್ಗಿತು. ಮಕ್ಕಳು ಏನೋ ಹಾಡುತ್ತಿದ್ದರು. ಬಸ್ಸು ನಿಲ್ಲಲಿಲ್ಲ. ಆಚೆಯ ಬಿಸಿಲಿಗೆ ಬಿದ್ದು, ತಿರುವಿನಲ್ಲಿ ಹಾರನ್ ಹೊಡೆದು ಹೋಯಿತು. ಅವಳು ನನ್ನ ಕೈ ಬಿಟ್ಟು, ಕಮಾನಿನ ಕೆಳಗೆ ನಡೆದು, ಕಾಲು ನಿಲ್ಲುವ ಜಾಗದ ತನಕ ಹೋಗಿ ನಿಂತಳು.